ಸ್ಕಾಟ್ಲೆಂಡ್ ರಾಜರ ಆಳ್ವಿಕೆ ಓದೋದು ಹೆಂಗೆ, ದುರ್ಗ ದಾವಣಗೆರೆ ಕಡೆ ಹುಡುಗ್ರಿಗೆ

ಮಧ್ಯಯುಗದ ಯುರೋಪ್ ಅಂದ್ ಕೂಡ್ಲೇ ನಮ್ ಹುಡುಗ್ರು ರಾಜರ ಲಿಸ್ಟ್ ಬಾಯಿಪಾಠ ಹೊಡಿಯಾಕ್ ಕೂತ್ಬಿಡ್ತಾರೆ. ಸ್ಕಾಟ್ಲೆಂಡ್ ವಿಷ್ಯಕ್ಕೆ ಹಂಗ್ ಮಾಡ್ಬೇಡ್ರಿ. ಅಲೆಕ್ಸಾಂಡರ್ ಮೂರು ಜನ, ರಾಬರ್ಟ್ ಮೂರು ಜನ, ಜೇಮ್ಸ್ ಅಂತೂ ಸಾಲಿಗೆ ನಿಂತವ್ರೆ, ಎರಡು ದಿನದಾಗೆ ಎಲ್ಲಾ ಕಲಸಿಹೋಗುತ್ತೆ.

ಮೊದ್ಲು ಪಟ್ಟ ಕಟ್ಟೋ ರೀತಿ ಹಿಡೀರಿ. ಸ್ಕೂನ್ ಅನ್ನೋ ಊರಾಗೆ ಒಂದು ಕಲ್ಲಿನ ಮೇಲೆ ಕೂರಿಸಿ ರಾಜ ಅಂತ ಒಪ್ಕೊಳ್ತಿದ್ರು. 1249ರಲ್ಲಿ ಮೂರನೇ ಅಲೆಕ್ಸಾಂಡರ್‌ಗೆ ಪಟ್ಟ ಆದಾಗ ಅವ್ನಿಗೆ ಏಳು ವರ್ಷ, ಒಬ್ಬ ಕವಿ ಎದ್ದು ನಿಂತು ಆ ಹುಡುಗನ ತಾತ ಮುತ್ತಾತರ ಹೆಸರು ಒಂದರ ಹಿಂದೊಂದು ಗೇಲಿಕ್ ಭಾಷೆಯಾಗೆ ಹೇಳಿದ, ನಮ್ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳ್ತಾರಲ್ಲ ಹಂಗೇ. ಪವಿತ್ರ ಎಣ್ಣೆ ಹಚ್ಚಿ ಕಿರೀಟ ಇಡೋಕೆ ಪೋಪ್ ಒಪ್ಪಿಗೆ ಕೊಟ್ಟಿದ್ದು 1329ರಲ್ಲಿ, ಹಂಗ್ ಮೊದ್ಲು ಪಟ್ಟ ಆಗಿದ್ದು 1331ರಲ್ಲಿ ಎರಡನೇ ಡೇವಿಡ್‌ಗೆ. ಬಿರುದು ನೋಡ್ರಿ, ‘ಸ್ಕಾಟರ ರಾಜ’ ಅಂತ ಇರುತ್ತೆ, ನೆಲದ ಹೆಸರಲ್ಲ ಜನದ ಹೆಸರು. ನೋಟ್ಸ್‌ನಾಗೆ ಇದನ್ನ ದೊಡ್ಡದಾಗಿ ಬರ್ಕೊಳ್ರಿ.

ಆಮೇಲೆ ಒಂದು ಮ್ಯಾಪ್ ಬಿಡಿಸ್ಕೊಂಡು ಎರಡು ಬಣ್ಣದ ಪೆನ್ ತಗೊಳ್ರಿ. ಒಂದು ಬಣ್ಣ ಶೆರಿಫ್‌ಗಳಿಗೆ. ಒಂದನೇ ಡೇವಿಡ್ (1124–1153) ಕಾಲದಿಂದ ಹರಡಿದ ವ್ಯವಸ್ಥೆ ಇದು, ಶೆರಿಫ್ ಅಂದ್ರೆ ಕೋಟೆಯಾಗೆ ಕೂತು ರಾಜನ ಕಂದಾಯ ಎತ್ತೋನು, ನ್ಯಾಯ ಹೇಳೋನು, ದಂಡು ಕೂಡಿಸೋನು. ಇನ್ನೊಂದು ಬಣ್ಣ ಅರ್ಲ್‌ಗಳಿಗೆ, ಅವರದ್ದು ವಂಶದಿಂದ ಬಂದ ಸೀಮೆ. ಅರ್ಲ್‌ನ ನಮ್ ಪಾಳೇಗಾರರಿಗೆ ನೇರ ಹೋಲಿಸ್ಬೇಡ್ರಿ, ವಿಜಯನಗರ ಬಿದ್ಮೇಲೆ ದುರ್ಗದ ನಾಯಕರು ತಮ್ಮಷ್ಟಕ್ಕೆ ತಾವೇ ಆಳಿದ್ರು, ಅರ್ಲ್ ಆದ್ರೆ ರಾಜನ ಸಭೆಯಾಗೇ ಕೂತು ಮಾತಾಡೋನು. ಪಶ್ಚಿಮದ ದ್ವೀಪಗಳನ್ನ ಬೇರೆ ಗುರುತು ಮಾಡ್ರಿ, ಅಲ್ಲಿನ ಒಡೆಯರ ಜೋರು 1493ರ ತನಕ ನಡೀತು. ಅರಮನೆ ಹುದ್ದೆಗಳು ಜಾಸ್ತಿ ಏನಿಲ್ಲ, ಚಾನ್ಸಲರ್ ಹತ್ರ ಮುದ್ರೆ, ಚೇಂಬರ್ಲೇನ್ ಹತ್ರ ದುಡ್ಡು, ಸ್ಟೀವರ್ಡ್ ಹತ್ರ ಅರಮನೆ ಉಸ್ತುವಾರಿ. ನಮ್ಮಲ್ಲಿ ಪಟೇಲ, ಶಾನುಭೋಗ ಅಂತ ಕೆಲಸದ ಹೆಸರೇ ಮನೆತನಕ್ಕೆ ಅಂಟ್ಕೊಂಡಂಗೆ ಸ್ಟೀವರ್ಡ್ ಮನೆಯವ್ರು ಸ್ಟೂವರ್ಟ್ ಆದ್ರು, 1371ರಲ್ಲಿ ಸಿಂಹಾಸನಾನೇ ಹತ್ತಿದ್ರು.

ದುಡ್ಡು ಎಲ್ಲಿಂದ ಬಂತು ಅಂತ ಕೇಳ್ದೆ ಮುಂದೆ ಹೋಗ್ಬೇಡ್ರಿ. ಚಳ್ಳಕೆರೆ ಕಂಬಳಿ ಸಂತೆ ನೋಡಿರೋರಿಗೆ ಇದು ಬೇಗ ತಲೆಗೆ ಹೋಗುತ್ತೆ, ಯಾಕಂದ್ರೆ ಅಲ್ಲೂ ಉಣ್ಣೆನೇ. ಬರ್ವಿಕ್‌ನಂಥ ಬಂದರಿಂದ ಉಣ್ಣೆ, ಚರ್ಮ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಸೀಮೆ) ಕಡೆ ಹೋಗ್ತಿತ್ತು, ಅದರ ಮೇಲೆ ರಾಜನ ಸುಂಕ.

ಇನ್ನ ನನ್ ಪ್ರಕಾರ ಇಡೀ ವಿಷ್ಯದ ಕೀಲಿಕೈ ಇರೋದು ಒಂದೇ ಪ್ರಶ್ನೆಯಾಗೆ: ರಾಜ ಇಲ್ದಿದ್ದಾಗ ಯಾರು ನಡೆಸಿದ್ರು? ನಾನು ದುರ್ಗದ ಕೋಟೆ ಹತ್ತಿದಾಗೆಲ್ಲ ಇದೇ ತಲೆಗೆ ಬರುತ್ತೆ. 1779ರಲ್ಲಿ ಮದಕರಿ ನಾಯಕ ಹೈದರಾಲಿ ಕೈಗೆ ಸಿಕ್ಕ, ಅಲ್ಲಿಗೆ ನಮ್ ಸಂಸ್ಥಾನ ಮುಗೀತು. ಸ್ಕಾಟ್ಲೆಂಡ್‌ನಾಗೆ ಹಂಗಾಗ್ಲಿಲ್ಲ. 1286ರಲ್ಲಿ ಮೂರನೇ ಅಲೆಕ್ಸಾಂಡರ್ ರಾತ್ರಿ ಹೊತ್ತು ಕುದುರೆ ಮೇಲೆ ಹೋಗ್ತಾ ಸತ್ತ, ಮಕ್ಕಳು ಮೊದ್ಲೇ ತೀರ್ಕೊಂಡಿದ್ರು, ಉಳಿದಿದ್ದು ನಾರ್ವೆಯಲ್ಲಿದ್ದ ಪುಟ್ಟ ಮೊಮ್ಮಗಳು. ಆಗ ರಾಜನ ಬದ್ಲು ರಾಜ್ಯ ನಡೆಸೋಕೆ ಆರು ಜನ ಪಾಲಕರನ್ನ ಆರಿಸಿದ್ರು, ಅವರ ಮುದ್ರೆಯಾಗೆ ಯಾವ ರಾಜನ ಹೆಸರೂ ಇರ್ಲಿಲ್ಲ, ಸ್ಕಾಟ್ಲೆಂಡ್ ಹೆಸರಷ್ಟೇ. ಆ ಮಗೂನೂ 1290ರಲ್ಲಿ ಸತ್ತು, ಇಂಗ್ಲೆಂಡಿನ ಒಂದನೇ ಎಡ್ವರ್ಡ್ ನ್ಯಾಯ ಹೇಳೋಕ್ ಬಂದು 1292ರಲ್ಲಿ ಜಾನ್ ಬಾಲಿಯಲ್‌ನ ಕೂರಿಸಿ, 1296ರಲ್ಲಿ ದಂಡೆತ್ತಿ ಬಂದು ಅವನನ್ನೂ ಇಳಿಸಿ ಪಟ್ಟದ ಕಲ್ಲನ್ನೇ ಹೊತ್ಕೊಂಡು ಹೋದ. ಆದ್ರೂ ಮತ್ತೆ ಪಾಲಕರು ಎದ್ರು, ವಿಲಿಯಂ ವಾಲೇಸ್ ಅವರಲ್ಲೊಬ್ಬ. ಎರಡನೇ ಡೇವಿಡ್ 1346ರಿಂದ 1357ರ ತನಕ ಇಂಗ್ಲಿಷರ ಸೆರೆ, ಒಂದನೇ ಜೇಮ್ಸ್ 1406ರಿಂದ 1424ರ ತನಕ ಸೆರೆ, ರಾಜ್ಯ ಮಾತ್ರ ನಿಂತೇ ಇತ್ತು.

ಇದು ತಿಳಿದ್ರೆ ಪಾರ್ಲಿಮೆಂಟ್ ತಾನಾಗೇ ತಿಳಿಯುತ್ತೆ. 1326ರಲ್ಲಿ ಆಗಿನ ರಾಜ ರಾಬರ್ಟ್ ಬ್ರೂಸ್ ದುಡ್ಡಿಲ್ದೆ ಕೇಳ್ದಾಗ ಅರ್ಲ್, ಬ್ಯಾರನ್‌ಗಳ (ರಾಜನಿಂದ ಜಮೀನು ಪಡೆದ ದೊಡ್ಡ ಜಮೀನ್ದಾರರು) ಜೊತೆ ಪೇಟೆ ಪ್ರತಿನಿಧಿಗಳೂ ಕೂತು ಅವನು ಬದುಕಿರೋವರೆಗೂ ಆದಾಯದ ಹತ್ತನೇ ಒಂದು ಪಾಲು ಕೊಡ್ತೀವಿ ಅಂದ್ರು. ಎರಡನೇ ಡೇವಿಡ್‌ನ ಸೆರೆಯಿಂದ ಬಿಡಿಸೋಕೆ 1,00,000 ಮರ್ಕ್ (ಆಗಿನ ಹಣದ ಲೆಕ್ಕ) ಕೊಡ್ತೀವಿ ಅಂತ ಒಪ್ಕೊಂಡ ಮೇಲಂತೂ ಉಣ್ಣೆ ಸುಂಕ ಏರಿಸ್ಬೇಕು, ಪೇಟೆಯವ್ರ ಒಪ್ಪಿಗೆ ಬೇಕೇ ಬೇಕು.

1320ರಲ್ಲಿ ಅರ್ಲ್‌ಗಳು, ಬ್ಯಾರನ್‌ಗಳು ಪೋಪ್‌ಗೆ ಬರೆದ ಪತ್ರಾನ ಕೊನೆಗೆ ಓದ್ರಿ. ರಾಜ ನಮ್ಮನ್ನ ಇಂಗ್ಲೆಂಡ್ ಕೈಗೆ ಒಪ್ಪಿಸಿದ್ರೆ ಅವನನ್ನೇ ಓಡಿಸಿ ಬೇರೆಯವನ್ನ ರಾಜ ಮಾಡ್ತೀವಿ ಅಂತ ಅದ್ರಾಗೈತೆ. ಈಗಿನ ಪ್ರಜಾಪ್ರಭುತ್ವ ಅಂತ ಉತ್ತರದಾಗೆ ಬರೀಬೇಡ್ರಿ, ಅದನ್ನ ಕಳಿಸಿದವ್ರು ಸಾಮಾನ್ಯರಲ್ಲ. 1286ರ ಆ ಮುದ್ರೆ ಪಕ್ಕ ಇಟ್ಟು ಓದ್ರಿ, ಯಾರ ಬಾಯಿಂದ ಆ ಮಾತು ಬಂತು ಅಂತ ತಿಳಿಯುತ್ತೆ.