ಯುಪಿಎಸ್ ಬ್ಯಾಟರಿಯಿಂದ ಇ-ಸೈಕಲ್ ಚಾರ್ಜ್ ಮಾಡಿದ್ದು: ನನ್ನ ಅನುಭವ

ಬೇಸಿಗೆಯಲ್ಲಿ ನಮ್ಮ ಕತ್ರಿಗುಪ್ಪೆಯಲ್ಲಿ ಸಂಜೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಬೆಳಿಗ್ಗೆ ಕೋರಮಂಗಲಕ್ಕೆ ಹೋಗಲು ನನಗೆ ಇ-ಸೈಕಲ್ಲೇ ಬೇಕು. ಅದರ ಲಿಥಿಯಂ ಪ್ಯಾಕ್ 36 ವೋಲ್ಟ್, 10 ಆಂಪ್ ಅವರ್‌ನದು. ಜೊತೆಗೆ ಬಂದ 2 ಆಂಪ್ ಚಾರ್ಜರ್‌ನಲ್ಲಿ ತುಂಬಲು ಐದು ಗಂಟೆಗೂ ಜಾಸ್ತಿ ಬೇಕು. ಯುಪಿಎಸ್‌ಗೆ 12 ವೋಲ್ಟ್, 150 ಆಂಪ್ ಅವರ್‌ನ ಎರಡು ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿ ಸರಣಿಯಲ್ಲಿ ಜೋಡಿಸಿವೆ. ಅವುಗಳಿಂದಲೇ ಬೇಗ ತುಂಬಿಸೋಣ ಅನ್ನಿಸಿತು.

ಪ್ಯಾಕ್‌ನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) 5 ಆಂಪ್ ಚಾರ್ಜಿಂಗ್ ತಾಳಿಕೊಳ್ಳುತ್ತದೆ ಅಂತ ಮೊದಲು ಖಾತ್ರಿ ಮಾಡಿಕೊಂಡೆ. ಇದನ್ನು ನೋಡದೆ ಕೈ ಹಾಕಲೇಬೇಡಿ. ಎಸ್.ಪಿ. ರೋಡಿನಿಂದ ಕರೆಂಟ್ ಮತ್ತು ವೋಲ್ಟೇಜ್ ಎರಡನ್ನೂ ಸೆಟ್ ಮಾಡಬಹುದಾದ ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸುವ ಸಾಧನ) ತಂದೆ. ಪ್ಯಾಕ್ ಪೂರ್ತಿ ತುಂಬಿದರೆ 42 ವೋಲ್ಟ್. ನಾನು 41ಕ್ಕೇ ಇಟ್ಟೆ, ಸೆಲ್ ಜಾಸ್ತಿ ದಿನ ಬಾಳಲಿ ಅಂತ.

ಮೊದಲ ಸಲ ಎರಡರಲ್ಲಿ ಒಂದೇ ಬ್ಯಾಟರಿಗೆ, ಮನೆಯಲ್ಲಿದ್ದ 2.5 ಚದರ ಮಿಲಿಮೀಟರ್ ವೈರ್ ಹಾಕಿ ಜೋಡಿಸಿದೆ. ಅರ್ಧ ಗಂಟೆಯಲ್ಲಿ ವೈರ್ ಬೆಚ್ಚಗಾಯಿತು. ಮೀಟರ್ ಹಿಡಿದೆ: ಬ್ಯಾಟರಿಯ ಟರ್ಮಿನಲ್‌ನಲ್ಲಿ 12.1 ವೋಲ್ಟ್, ಕನ್ವರ್ಟರ್ ಬಾಯಲ್ಲಿ 11.2. ವೈರಲ್ಲೇ ಹೆಚ್ಚೂಕಡಿಮೆ ಒಂದು ವೋಲ್ಟ್ ಮಾಯ! ವೋಲ್ಟೇಜ್ ಇಳಿದಷ್ಟೂ ಕನ್ವರ್ಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ, ವೈರ್ ಇನ್ನೂ ಬಿಸಿಯಾಗುತ್ತದೆ. ಆಗ ಅದು 19 ಆಂಪ್ ಎಳೆಯುತ್ತಿತ್ತು.

ಬ್ಯಾಟರಿ ಅಂಗಡಿಯವರಿಗೆ ಹೇಳಿದರೆ ಅವರು ಬೇರೆಯದೇ ತಪ್ಪು ಹಿಡಿದರು. "ಸಾರ್, ಜೋಡಿಲಿ ಒಂದನ್ನೇ ಖಾಲಿ ಮಾಡಬೇಡಿ. ಯುಪಿಎಸ್ ಎರಡನ್ನೂ ಒಟ್ಟಿಗೆ ಚಾರ್ಜ್ ಮಾಡತ್ತೆ. ಖಾಲಿಯಾದದ್ದು ಪೂರ್ತಿ ತುಂಬಲ್ಲ, ಇನ್ನೊಂದು ಸುಮ್ನೆ ಕುದಿಯುತ್ತೆ."

ಹೌದಲ್ವಾ! ಎರಡರ ತುದಿಗಳಿಂದ 24 ವೋಲ್ಟ್ ತೆಗೆದುಕೊಂಡೆ. ಕರೆಂಟ್ ಅರ್ಧಕ್ಕಿಳಿದು ಹತ್ತು ಆಂಪ್ ಒಳಗೆ ಬಂತು. ವೈರ್ 6 ಚದರ ಮಿಲಿಮೀಟರ್‌ನದು ಹಾಕಿದೆ, ಪಾಸಿಟಿವ್ ಟರ್ಮಿನಲ್ ಪಕ್ಕದಲ್ಲೇ 15 ಆಂಪ್ ಫ್ಯೂಸ್. ಈಗ ಪ್ಯಾಕ್ ಎರಡೂವರೆ ಗಂಟೆಯೊಳಗೆ ತುಂಬುತ್ತದೆ, ವೈರ್ ತಣ್ಣಗಿರುತ್ತದೆ.

ತೆಗೆಯುವಾಗ ಮೊದಲು ಪ್ಯಾಕ್ ಕಳಚುತ್ತೇನೆ, ಆಮೇಲೆ ಕನ್ವರ್ಟರ್ ಆಫ್. ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಅದರ ಹತ್ತಿರ ಕಿಡಿ ಹಾರಬಾರದು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದೇ ಇಲ್ಲ. ಎರಡು ಸಲ ಸೈಕಲ್ ತುಂಬಿಸಿದ ಮೇಲೆ ನಿಲ್ಲಿಸಿಬಿಡುತ್ತೇನೆ. ಮೊದಲು ಒಂಟಿಯಾಗಿ ದಣಿದಿದ್ದ ಆ ಬ್ಯಾಟರಿಯನ್ನು ಬೇರೆ ಮಾಡಿ, 12 ವೋಲ್ಟ್ ಚಾರ್ಜರ್‌ನಲ್ಲಿ ಒಂದು ಹಗಲು ಪೂರ್ತಿ ಇಟ್ಟು ಜೋಡಿಗೆ ಸರಿಸಮ ಮಾಡಿಕೊಂಡೆ.