ಯುಕೆಯಲ್ಲಿ ಸ್ಟ್ರೋಕ್ ಆದವರಿಗೆ ನುಂಗೋಕೆ ಆಗ್ತಿಲ್ವಾ? ಇಲ್ಲಿ ಏನೇನು ನಡೆಯತ್ತೆ ಅಂತ ತಿಳ್ಕೊಂಡಿರಿ

ನಮ್ಮ ಮಾವನೋರಿಗೆ ಇಲ್ಲಿಗೆ ಬಂದಿದ್ದಾಗ ಸ್ಟ್ರೋಕ್ ಆಯ್ತು. ವಾರ್ಡಲ್ಲಿ ಸನ್ನೆ ಮಾಡಿ ನೀರು ಕೇಳಿದ್ರು, ನಾನು ಬಾಟಲ್ ಮುಚ್ಚಳ ತೆಗೆದೇಬಿಟ್ಟಿದ್ದೆ, ನರ್ಸ್ ಓಡಿಬಂದು ತಡೆದ್ರು. ಮಂಚದ ಮೇಲೆ 'ನಿಲ್ ಬೈ ಮೌತ್', ಅಂದ್ರೆ ಬಾಯಿಗೆ ಏನೂ ಕೊಡಬೇಡಿ ಅಂತ ಬೋರ್ಡ್ ಇತ್ತು, ನಾನು ನೋಡೇ ಇರ್ಲಿಲ್ಲ. ಬಾಯಾರಿದವರಿಗೆ ನೀರೂ ಕೊಡಲ್ವಾ ಅಂತ ಕೋಪ ಬಂತು.

ಸ್ಟ್ರೋಕ್ ಆದಾಗ ಗಂಟಲಿನ ಸ್ನಾಯುಗಳು ಸರಿಯಾಗಿ ಕೆಲಸ ಮಾಡದೆ ನೀರು ಶ್ವಾಸಕೋಶಕ್ಕೆ ಇಳೀಬಹುದು, ಅದರಿಂದ ನ್ಯುಮೋನಿಯಾ ಆಗಬಹುದು. ನೆತ್ತಿಗೇರಿದ್ರೆ ಕೆಮ್ಮು ಬರತ್ತಲ್ಲ ಗೊತ್ತಾಗತ್ತೆ ಅಂತ ನಾವು ಅಂದ್ಕೋತೀವಿ, ಕೆಲವರಿಗೆ ಕೆಮ್ಮೇ ಬರಲ್ಲ, ಸದ್ದಿಲ್ಲದೆ ಇಳಿದುಬಿಡತ್ತೆ. ಅದಕ್ಕೆ ಆಸ್ಪತ್ರೆಗೆ ಬಂದ 4 ಗಂಟೆ ಒಳಗೆ, ಬಾಯಿಗೆ ಊಟ ನೀರು ಮಾತ್ರೆ ಏನೂ ಹಾಕೋ ಮುಂಚೆ, ಸ್ವಾಲೋ ಸ್ಕ್ರೀನ್, ಅಂದ್ರೆ ಸರಿಯಾಗಿ ನುಂಗ್ತಾರಾ ಅನ್ನೋ ಪರೀಕ್ಷೆ, ಮಾಡಬೇಕು ಅನ್ನೋದು ಇಲ್ಲಿನ ಗೈಡ್‌ಲೈನ್. ಸಾಮಾನ್ಯವಾಗಿ ಟ್ರೈನ್ ಆದ ನರ್ಸೇ ಮಾಡ್ತಾರೆ. ಆಗಿದೆಯಾ ಅಂತ ಕೇಳೋಕೆ ಸಂಕೋಚ ಬೇಡ.

ಅದರಲ್ಲಿ ತೊಂದರೆ ಕಂಡ್ರೆ ಸ್ಪೀಚ್ ಅಂಡ್ ಲ್ಯಾಂಗ್ವೇಜ್ ಥೆರಪಿಸ್ಟ್ ಬರ್ತಾರೆ, ವಾರ್ಡಲ್ಲಿ ಎಲ್ಲರೂ 'ಸಾಲ್ಟ್' ಅಂತಾರೆ. ಮಾತು ಕಲಿಸೋರು ಅಂದ್ಕೊಂಡಿದ್ದೆ, ಇಲ್ಲಿ ನುಂಗೋದನ್ನ ನೋಡೋರೂ ಇವರೇ. ಅಡ್ಮಿಟ್ ಆದ ಮೇಲೆ ಆದಷ್ಟು 24 ಗಂಟೆ ಒಳಗೆ ಇವರು ಬಂದು ನೋಡಬೇಕು, ತಡ ಆದ್ರೂ 72 ಗಂಟೆ ದಾಟಬಾರದು. ಬೇಕಾದ್ರೆ ಬೇರಿಯಂ ಬೆರೆಸಿದ ಆಹಾರ ಕೊಟ್ಟು ಎಕ್ಸ್‌ರೇ ವಿಡಿಯೋ ತೆಗೀತಾರೆ, ಇಲ್ಲಾ ಮೂಗಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡ್ತಾರೆ. ರೋಗಿಗೆ ಇಂಗ್ಲಿಷ್ ಬರಲ್ಲ ಅಂದ್ರೆ ಇಂಟರ್‌ಪ್ರಿಟರ್ ಕೇಳಿ, ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಅದಕ್ಕೆ ದುಡ್ಡು ಕೊಡಬೇಕಿಲ್ಲ. ನಾವೇ ಹೇಳ್ತೀವಿ ಬಿಡಿ ಅಂತ ಮುಂದೆ ಹೋದ್ರೆ ಅರ್ಧ ವಿಷಯ ನಾವೇ ನುಂಗಿಬಿಡ್ತೀವಿ.

ಆಮೇಲೆ ನಂಬರ್‌ಗಳಲ್ಲಿ ಮಾತಾಡ್ತಾರೆ, ಲೆವೆಲ್ 2 ಡ್ರಿಂಕ್ಸ್, ಲೆವೆಲ್ 4 ಡಯಟ್ ಹೀಗೆ. ಇದು ಪಾನೀಯ ಎಷ್ಟು ದಪ್ಪ, ಊಟ ಎಷ್ಟು ಮೆತ್ತಗಿರಬೇಕು ಅಂತ ಹೇಳೋ ಐಡಿಡಿಎಸ್‌ಐ ಅನ್ನೋ ಅಳತೆ, 0 ಇಂದ 7ರ ತನಕ. 0 ಅಂದ್ರೆ ಮಾಮೂಲಿ ನೀರು, 2 ಸ್ವಲ್ಪ ದಪ್ಪ ಮಾಡಿದ ಪಾನೀಯ, 4 ನುಣ್ಣಗೆ ರುಬ್ಬಿದ್ದು, 5 ಅಂದ್ರೆ ದೊಡ್ಡವರಿಗೆ 4 ಮಿಲಿಮೀಟರ್‌ಗಿಂತ ದಪ್ಪ ಇಲ್ಲದ ಒದ್ದೆ ಚೂರುಗಳು, ಫೋರ್ಕಿನ ಹಲ್ಲುಗಳ ಮಧ್ಯದ ಸಂದು ಹೆಚ್ಚುಕಮ್ಮಿ ಅಷ್ಟೇ ಇರತ್ತೆ. 7 ಮಾಮೂಲಿ ಊಟ. ಮನೆ ಊಟ ತರೋದಾದ್ರೆ ಮೊದಲು ಸಾಲ್ಟ್ ಅವರಿಗೆ ತೋರಿಸಿ, ತೆಳು ನೀರಲ್ಲಿ ಗಟ್ಟಿ ಚೂರು ತೇಲೋ ಥರದ್ದು ಕೆಲವರಿಗೆ ತುಂಬಾ ಕಷ್ಟ.

ನುಂಗೋಕೆ ಸುಲಭ ಆಗ್ಲಿ ಅಂತ ನೀರು ದಪ್ಪ ಮಾಡೋ ಥಿಕ್ನರ್ ಪುಡಿನ ಮನೆಗೆ ಹೋದ ಮೇಲೆ ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಬರೆದುಕೊಡ್ತಾರೆ. ಡಬ್ಬಿ ರೋಗಿ ಕೈಗೆ, ಮಕ್ಕಳ ಕೈಗೆ ಸಿಗೋ ಕಡೆ ಇಡಬೇಡಿ, ಒಣಪುಡಿ ಬಾಯಿಗೆ ಹೋದ್ರೆ ಉಬ್ಬಿ ಉಸಿರು ಕಟ್ಟತ್ತೆ, 2015ರಲ್ಲಿ ಎನ್‌ಎಚ್‌ಎಸ್ ಇದರ ಬಗ್ಗೆ ಅಲರ್ಟೇ ಹೊರಡಿಸಿತ್ತು. ಇನ್ನೊಂದು, ಮಲಬದ್ಧತೆಗೆ ಕೊಡೋ ಮ್ಯಾಕ್ರೊಗಾಲ್ ಪುಡಿನ ಸ್ಟಾರ್ಚ್ (ಪಿಷ್ಟ) ಇರೋ ಥಿಕ್ನರ್ ಜೊತೆ ಕಲಸಿದ್ರೆ ಮತ್ತೆ ನೀರಾಗಿಬಿಡತ್ತೆ. ಮಾತ್ರೆನೂ ಫಾರ್ಮಸಿಸ್ಟ್ ಕೇಳದೆ ಪುಡಿ ಮಾಡಬೇಡಿ.

ಬಾಯಲ್ಲಿ ಸಾಲದಿದ್ರೆ ಮೂಗಿನ ಟ್ಯೂಬ್, ತುಂಬಾ ದಿನ ಬೇಕಾದ್ರೆ ನೇರ ಹೊಟ್ಟೆಗೇ ಹಾಕೋ 'ಪೆಗ್' ಅನ್ನೋ ಟ್ಯೂಬ್. ಪೆಗ್ ಅಂದಾಗ ಮಾವನೋರು ಬೇರೇನೋ ಅರ್ಥ ಮಾಡ್ಕೊಂಡು ಸೊಟ್ಟ ಬಾಯಲ್ಲೇ ನಕ್ಕಿದ್ರು. ನಮ್ಮೋರು ಗಲಿಬಿಲಿ ಆಗೋದು ಇಲ್ಲೇ, ಟ್ಯೂಬ್ ಹಾಕಲಾ ಅಂತ ಡಾಕ್ಟರು ಮಗನ್ನ ಕೇಳದೆ ರೋಗಿನೇ ಕೇಳ್ತಾರೆ. ಅವರಿಗೆ ಅರ್ಥ ಆಗ್ತಿದ್ರೆ ಬೇಡ ಅನ್ನೋ ಹಕ್ಕು ಅವರದ್ದೇ, ಅಪಾಯ ಗೊತ್ತಿದ್ದೂ ಬಾಯಲ್ಲೇ ತಿಂತೀನಿ ಅಂದ್ರೂ ಸರಿ. ಅರ್ಥ ಆಗದ ಸ್ಥಿತಿ ಇದ್ರೆ, ಇಂಗ್ಲೆಂಡ್ ಮತ್ತು ವೇಲ್ಸಲ್ಲಿ ಹೆಲ್ತ್ ಅಂಡ್ ವೆಲ್‌ಫೇರ್ ಪವರ್ ಆಫ್ ಅಟಾರ್ನಿ (ನನ್ನ ಚಿಕಿತ್ಸೆ ಬಗ್ಗೆ ಇಂಥೋರು ನಿರ್ಧರಿಸಲಿ ಅನ್ನೋ ಕಾನೂನು ಪತ್ರ) ಮೊದಲೇ ಮಾಡಿಸಿಲ್ಲದಿದ್ರೆ, ಮನೆಯವರ ಮಾತು ಕೇಳಿಸ್ಕೊಂಡು ಅವರ ಹಿತ ಯಾವುದು ಅಂತ ಡಾಕ್ಟರೇ ನಿರ್ಧಾರ ಮಾಡ್ತಾರೆ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮಂಗೆ ಎಮರ್ಜೆನ್ಸಿ ವಿಭಾಗದ ಚಿಕಿತ್ಸೆ ಫ್ರೀ, ಅಡ್ಮಿಟ್ ಆದ ಮೇಲೆ ಬಿಲ್ ಬರತ್ತೆ, ಆದ್ರೆ ದುಡ್ಡಿನ ಮಾತು ಮುಗೀಲಿ ಅಂತ ತುರ್ತು ಚಿಕಿತ್ಸೆ ನಿಲ್ಸಲ್ಲ. ಟ್ರಾವೆಲ್ ಇನ್ಶೂರೆನ್ಸ್ ಇದ್ರೆ ಅವತ್ತೇ ಫೋನ್ ಮಾಡಿ.

ಇದೇ ಥರ ನುಂಗೋ ತೊಂದರೆ ತರಬಹುದಾದ ನರದ ಕಾಯಿಲೆಗಳು, ಪಾರ್ಕಿನ್ಸನ್ಸ್, ಮೋಟಾರ್ ನ್ಯೂರಾನ್ ಕಾಯಿಲೆ ಇರೋರು ಆಸ್ಪತ್ರೆ ಸೇರೋ ತನಕ ಕಾಯಬೇಡಿ. ಊಟಕ್ಕೆ ಜಾಸ್ತಿ ಹೊತ್ತಾಗ್ತಿದೆ, ತೂಕ ಇಳೀತಿದೆ, ಕುಡಿದ ಮೇಲೆ ದನಿ ಗೊರಗೊರ ಅಂತಿದೆ ಅಂದ್ರೆ ಜಿಪಿಗೋ ನ್ಯೂರಾಲಜಿ ನರ್ಸ್‌ಗೋ ಹೇಳಿ, ಅವರೇ ಸಾಲ್ಟ್‌ಗೆ ರೆಫರ್ ಮಾಡ್ತಾರೆ.