ಗರಸು ನೆಲದ ರಗ್ಬಿಗೆ ಬೂಟು, ಬಾಯಿ ಗಾರ್ಡ್, ಬಟ್ಟೆ

ಕಬಡ್ಡಿ, ಕುಸ್ತಿ ಆಡಿ ರಗ್ಬಿಗೆ ಬಂದವರಿಗೆ ಮೈಗೆ ಮೈ ಬೀಳುವುದೇನೂ ಹೊಸದಲ್ಲ. ಹೊಸದು ಎರಡೇ: ಕಾಲಿಗೆ ತಳದಲ್ಲಿ ಸ್ಟಡ್ ಎಂಬ ಗುಬುಟುಗಳಿರುವ ಬೂಟು, ಬಾಯಿಗೆ ಗಾರ್ಡ್. ಕೈಯಲ್ಲಿರುವ ದುಡ್ಡು ಮೊದಲು ಇವೆರಡಕ್ಕೆ ಹೋಗಲಿ. ಜರ್ಸಿ ತಂಡದ್ದು ಸಿಗುತ್ತದೆ, ಚಡ್ಡಿ ಹೊಲಿಸಿಕೊಳ್ಳಬಹುದು, ಭುಜದ ಪ್ಯಾಡ್ ಇಲ್ಲದೆ ವರ್ಷಗಟ್ಟಲೆ ಆಡಬಹುದು. ಟಿವಿಯಲ್ಲಿ ನ್ಯೂಜಿಲೆಂಡಿನವರ ಕಾಲಲ್ಲಿ ಕಂಡದ್ದನ್ನೇ ಆನ್‌ಲೈನಿನಲ್ಲಿ ತರಿಸುವುದು ಮಾತ್ರ ಬೇಡ. ಅವರ ಬೂಟು ಅವರ ಹಸಿ ಹುಲ್ಲಿಗೆ ಮಾಡಿದ್ದು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯ ನೆಲ ಬೇಸಿಗೆಯಲ್ಲಿ ಗರಸು, ಮಳೆಗಾಲದಲ್ಲಿ ಎರೆ.

ಬೂಟು

ಮೊದಲು ನೆಲ ನೋಡಿ. ದಾವಣಗೆರೆಯ ಹೈಸ್ಕೂಲ್ ಮೈದಾನವಿರಲಿ, ಚಿತ್ರದುರ್ಗದ ಒನಕೆ ಓಬವ್ವ ಸ್ಟೇಡಿಯಂ ಇರಲಿ, ಆಡುವ ದಿನ ಬರಿಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ತಿರುವಿ. ಗುಣಿ ಬೀಳದಿದ್ದರೆ ಅದು ಗಟ್ಟಿ ನೆಲ, ಅಲ್ಲಿ ತಿರುಪಿನ ಲೋಹದ ಸ್ಟಡ್ ಬೇಡ. ಸ್ಟಡ್ ನೆಲಕ್ಕೆ ಇಳಿಯದಿದ್ದರೆ ಇಡೀ ಮೈಭಾರ ಆರೋ ಎಂಟೋ ಚುಕ್ಕೆಗಳ ಮೇಲೆ ನಿಲ್ಲುತ್ತದೆ. ಹೆಬ್ಬೆರಳಿನ ಬುಡದಲ್ಲಿ, ಹಿಮ್ಮಡಿಯಲ್ಲಿ ಉರಿ ಶುರುವಾಗುತ್ತದೆ. ಪಾದ ನೆಲದಿಂದ ಎತ್ತರದಲ್ಲಿ ನಿಂತಿರುವುದರಿಂದ ದಿಕ್ಕು ಬದಲಿಸುವಾಗ ಕಣಕಾಲು ಹೊರಳುತ್ತದೆ. ಗಟ್ಟಿ ನೆಲಕ್ಕೆ ತಳದ ಜೊತೆಗೇ ಎರಕ ಹೊಯ್ದ, ಗಿಡ್ಡ, ಹೆಚ್ಚು ಸಂಖ್ಯೆಯ ಸ್ಟಡ್ ಇರುವ ಬೂಟು ಸರಿ. ಹತ್ತು ಮಿಲಿಮೀಟರ್ ಆಸುಪಾಸಿನ ಹತ್ತು ಹನ್ನೆರಡು ಸ್ಟಡ್ ಇದ್ದರೆ ಭಾರ ಹಂಚಿಹೋಗುತ್ತದೆ. ಊರಿನ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಸಿಗುವ ಫುಟ್‌ಬಾಲ್ ಬೂಟು ಇದಕ್ಕೆ ಧಾರಾಳವಾಗಿ ಸಾಕು.

ಮಳೆ ಬಿದ್ದ ಎರೆ ನೆಲದ ಕಥೆಯೇ ಬೇರೆ. ಹಸಿ ಎರೆ ಹೊಲದಲ್ಲಿ ಹತ್ತು ಹೆಜ್ಜೆ ಇಟ್ಟರೆ ಚಪ್ಪಲಿ ಇಟ್ಟಿಗೆಯಷ್ಟು ಭಾರವಾಗುವುದು ಗೊತ್ತಲ್ಲ, ಅದೇ ಇಲ್ಲೂ ಆಗುತ್ತದೆ. ಗಿಡ್ಡ ಸ್ಟಡ್‌ಗಳ ಸಂದಿಯಲ್ಲಿ ಮಣ್ಣು ತುಂಬಿ ತಳ ಚಪ್ಪಟೆಯಾದರೆ ಸ್ಕ್ರಮ್ಮಿನಲ್ಲಿ (ಎರಡೂ ತಂಡದವರು ತಲೆ ಬಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ತಳ್ಳುವಾಗ) ಕಾಲು ಜಾರುತ್ತದೆ. ಅಂಥ ದಿನಕ್ಕೆ ಅಗಲ ಸಂದಿಯ ಆರು ಅಥವಾ ಎಂಟು ಸ್ಟಡ್‌ನ, 15ರಿಂದ 18 ಮಿಲಿಮೀಟರಿನ ಬೂಟು ಬೇಕು. ನಿಯಮದ ಪ್ರಕಾರ 21 ಮಿಲಿಮೀಟರಿಗಿಂತ ಉದ್ದದ ಸ್ಟಡ್ ಹಾಕುವಂತಿಲ್ಲ. ಎರಡು ಜೊತೆ ಕೊಳ್ಳಲು ಆಗದವರು ಗಟ್ಟಿ ನೆಲದ ಜೊತೆಯನ್ನೇ ಕೊಳ್ಳಲಿ, ಇಲ್ಲಿ ವರ್ಷದ ಹೆಚ್ಚು ದಿನ ಒಣ ನೆಲದಲ್ಲೇ ಆಟ. ಮಳೆಯ ದಿನ ಸ್ಟಡ್ ಸಂದಿಗಳಿಗೆ ಬಟ್ಟೆಯಲ್ಲಿ ತುಸು ಅಡುಗೆ ಎಣ್ಣೆ ಸವರಿದರೆ ಮಣ್ಣು ಸ್ವಲ್ಪ ಹೊತ್ತು ಕಚ್ಚುವುದಿಲ್ಲ. ಸ್ಟಡ್ ತುದಿಗೆ ತಾಗಿದ ಎಣ್ಣೆ ಒರೆಸಿ. ವಿರಾಮದಲ್ಲಿ ಕೆರೆಯಲು ಒಂದು ಚಪ್ಪಟೆ ಕಡ್ಡಿ ಬ್ಯಾಗಿನಲ್ಲಿರಲಿ.

ಮನೆಯಲ್ಲಿ ಬಿದ್ದಿರುವ ಕ್ರಿಕೆಟ್ ಸ್ಪೈಕ್, ಓಟದ ಸ್ಪೈಕ್ ಹಾಕಿಕೊಂಡು ಬರಬೇಡಿ. ನೆಲಕ್ಕೆ ಬಿದ್ದವನ ಕೈಮೇಲೆ ಅದು ಹೋದರೆ ಮೊಳೆ ಹೊಡೆದಂತೆ. ರೆಫರಿ ಆಟಕ್ಕೆ ಮೊದಲು ತಳ ನೋಡುವುದು ಇದಕ್ಕೇ.

ಅಳತೆ ನೋಡುವುದು ಸಂಜೆ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿದ ಮೇಲೆ, ಆಟದ ಸಾಕ್ಸನ್ನೇ ಹಾಕಿಕೊಂಡು. ನಿಂತಾಗ ಬೆರಳ ತುದಿಗೂ ಬೂಟಿನ ತುದಿಗೂ ನಡುವೆ ಅರ್ಧ ಹೆಬ್ಬೆರಳಿನಷ್ಟು ಜಾಗ ಇರಲಿ. ಚಪ್ಪಲಿಯಲ್ಲೇ ಬೆಳೆದ ಪಾದ ಮುಂದುಗಡೆ ಅಗಲವಾಗಿರುತ್ತದೆ, ಕಿರುಬೆರಳಿಗೆ ಒತ್ತಿದರೆ ನಂಬರ್ ದೊಡ್ಡದು ಮಾಡಬೇಡಿ, ಅಗಲದ ಬೇರೆ ಮಾದರಿ ಕೇಳಿ. ನಂಬರ್ ದೊಡ್ಡದಾದರೆ ಹಿಮ್ಮಡಿ ಎದ್ದೆದ್ದು ಉಜ್ಜಿ ಬೊಕ್ಕೆ ಬರುತ್ತದೆ. ಚರ್ಮದ ಬೂಟು ಸ್ವಲ್ಪ ಹಿಗ್ಗುತ್ತದೆ, ಸಿಂಥೆಟಿಕ್ ಹೆಚ್ಚು ಹಿಗ್ಗುವುದಿಲ್ಲ, “ಹಾಕ್ತಾ ಹಾಕ್ತಾ ಸರಿಹೋಗುತ್ತೆ” ಎನ್ನುವ ಅಂಗಡಿಯವರ ಮಾತಿಗೆ ತಲೆಯಾಡಿಸಬೇಡಿ. ಲೇಸನ್ನು ಬೆರಳ ಕಡೆಯಿಂದ ಒಂದೊಂದೇ ಮೆಟ್ಟಿಲು ಬಿಗಿದು ಬನ್ನಿ, ಗಂಟು ಪಕ್ಕಕ್ಕೆ ಬರಲಿ. ಉದ್ದ ಉಳಿದರೆ ತಳದ ಸುತ್ತ ಸುತ್ತುವ ಚಾಳಿ ಕೆಲವರಿಗಿದೆ. ಗರಸಿನಲ್ಲಿ ಅದು ನಾಲ್ಕೇ ದಿನಕ್ಕೆ ತೇಯ್ದು ಆಟದ ನಡುವೆ ಕಿತ್ತುಬರುತ್ತದೆ. ಉಳಿದದ್ದನ್ನು ಕತ್ತರಿಸಿ ತುದಿ ಸುಟ್ಟುಬಿಡಿ.

ತಿರುಪಿನ ಸ್ಟಡ್ ಇದ್ದರೆ ಎರಡು ಕೆಲಸ. ಹಾಕುವ ಮುನ್ನ ತಿರುಪಿಗೆ ವ್ಯಾಸಲಿನ್ ಹಚ್ಚಿ, ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಹಿಡಿದು ಸ್ಪ್ಯಾನರಿಗೂ ಜಗ್ಗುವುದಿಲ್ಲ. ಪ್ರತಿ ಆಟಕ್ಕೆ ಮೊದಲು ಹೆಬ್ಬೆರಳ ಉಗುರನ್ನು ಸ್ಟಡ್ ಅಂಚಿನ ಸುತ್ತ ಎಳೆಯಿರಿ. ಸಿಮೆಂಟ್ ಮೇಲೆ ನಡೆದ ಸ್ಟಡ್‌ಗೆ ಸಣ್ಣ ಮುಳ್ಳು ಎದ್ದಿರುತ್ತದೆ. ಉಗುರಿಗೆ ಸಿಕ್ಕಿದ್ದು ಚರ್ಮಕ್ಕೂ ಸಿಗುತ್ತದೆ, ಅರದಿಂದ ಉಜ್ಜಿ ನುಣುಪು ಮಾಡಿ ಅಥವಾ ಬದಲಿಸಿ.

ಬಾಯಿಯ ಗಾರ್ಡ್

ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಕೂರಿಸುವ ಗಾರ್ಡ್ ಕೈಗೆಟುಕುವ ಬೆಲೆಯದು. ಕೆಡುವುದು ಮಾತ್ರ ಕೂರಿಸುವ ಎರಡು ನಿಮಿಷದಲ್ಲಿ. ಮೊದಲು ಬಿಸಿ ಮಾಡದೆ ಮೇಲಿನ ಹಲ್ಲಿಗೆ ಇಟ್ಟು ನೋಡಿ. ಹಿಂದೆ ಗಂಟಲಿಗೆ ತಾಕಿ ಓಕರಿಕೆ ಬಂದರೆ ಎರಡೂ ತುದಿಯನ್ನು ಸಮನಾಗಿ, ಸ್ವಲ್ಪಸ್ವಲ್ಪವೇ ಕತ್ತರಿಸಿ. ದವಡೆ ಹಲ್ಲು ಅಷ್ಟೂ ಬಯಲಾಗುವಷ್ಟು ಬೇಡ. ಆಮೇಲೆ ಪಾತ್ರೆಯಲ್ಲಿ ನೀರು ಕುದಿಸಿ ಒಲೆ ಆರಿಸಿ, ಅರ್ಧ ನಿಮಿಷ ಬಿಡಿ. ಗಾರ್ಡನ್ನು ಜಾಲರಿ ಸೌಟಿನಲ್ಲಿಟ್ಟು ಪೊಟ್ಟಣದ ಮೇಲೆ ಬರೆದಷ್ಟೇ ಹೊತ್ತು ಅದ್ದಿ, ಸಾಮಾನ್ಯವಾಗಿ 20ರಿಂದ 30 ಸೆಕೆಂಡು. ಪಾತ್ರೆಯ ತಳಕ್ಕೆ ತಾಗಿದರೆ ಒಂದು ಬದಿ ಕರಗಿ ಅಂಟಿಕೊಳ್ಳುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಮುದುಡಿದ ಹಪ್ಪಳದಂತಾಗಿ ಮತ್ತೆ ಆಕಾರಕ್ಕೆ ಬರುವುದಿಲ್ಲ.

ತೆಗೆದು ಒಂದು ಕ್ಷಣ ತಣ್ಣೀರು ತೋರಿಸಿ, ಇಲ್ಲದಿದ್ದರೆ ವಸಡು ಸುಡುತ್ತದೆ. ಕನ್ನಡಿ ಮುಂದೆ ನಿಂತು ನಡುಗೆರೆ ಮುಂದಿನ ಎರಡು ಹಲ್ಲಿನ ಮಧ್ಯಕ್ಕೆ ಬರುವಂತೆ ಇಡಿ. ಮೆಲ್ಲಗೆ ಕಚ್ಚಿ. ಜೋರಾಗಿ ಕಚ್ಚಿದರೆ ಹಲ್ಲಿನ ಕೆಳಗಿನ ಪದರ ತೆಳ್ಳಗಾಗಿ, ಪೆಟ್ಟು ತಾಳಬೇಕಾದ ಜಾಗವೇ ಹೋಗುತ್ತದೆ. ಒಳಗಿನಿಂದ ನಾಲಗೆಯನ್ನು ಅಂಗುಳಿಗೆ ಒತ್ತಿ, ಹೊರಗಿನಿಂದ ಬೆರಳಲ್ಲಿ ತುಟಿ, ಕೆನ್ನೆ ಒತ್ತಿ, ಜ್ಯೂಸ್ ಹೀರುವ ಹಾಗೆ ಗಾಳಿ ಹೀರಿ. ಅರ್ಧ ನಿಮಿಷ ಹಾಗೇ ಇದ್ದು ತಣ್ಣೀರಿಗೆ ಹಾಕಿ.

ಸರಿ ಕೂತಿದೆಯೋ ಇಲ್ಲವೋ ನೋಡುವುದು ಸುಲಭ. ಬಾಯಿ ತೆರೆದು ತಲೆ ಬಗ್ಗಿಸಿ, ಬೀಳಬಾರದು. ಆಮೇಲೆ “ಹೊಳಲ್ಕೆರೆ, ಚಳ್ಳಕೆರೆ” ಎಂದು ಕೂಗಿ. ಪಕ್ಕದವರಿಗೆ ತಿಳಿದರೆ ಸಾಕು. ಮಾತಾಡಲು ಬಿಡದ ಗಾರ್ಡನ್ನು ಆಟಗಾರ ಹತ್ತು ನಿಮಿಷಕ್ಕೆ ತೆಗೆದು ಸಾಕ್ಸಿಗೆ ಸಿಕ್ಕಿಸಿಕೊಳ್ಳುತ್ತಾನೆ, ಪೆಟ್ಟು ಬೀಳುವುದು ಆಗಲೇ. ಸರಿಯಾಗದಿದ್ದರೆ ಇನ್ನೊಂದು ಸಲ ಬಿಸಿ ಮಾಡಬಹುದು, ಮೂರನೇ ಸಲಕ್ಕೆ ಅದು ತೆಳ್ಳಗಾಗಿರುತ್ತದೆ.

ಹಲ್ಲಿಗೆ ತಂತಿ ಹಾಕಿಸಿಕೊಂಡವರು, ಹಲ್ಲು ಸಾಲಾಗಿ ಇಲ್ಲದವರು ಮನೆಯಲ್ಲಿ ಪ್ರಯತ್ನಿಸಬೇಡಿ, ದಂತವೈದ್ಯರಲ್ಲಿ ಅಚ್ಚು ತೆಗೆಸಿ ಮಾಡಿಸಿ. ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ ನೋಡಬಹುದು. ಅಚ್ಚಿನ ಗಾರ್ಡ್ ಹಾಕಿ ಓಡುವಾಗ ಉಸಿರು ಸಲೀಸು. ಯಾವ ಗಾರ್ಡೇ ಆಗಲಿ ಹಲ್ಲು, ತುಟಿ, ನಾಲಗೆ ಕಾಯುತ್ತದೆ. ತಲೆಗೆ ಬಿದ್ದ ಪೆಟ್ಟಿಗೆ ಅದೇ ರಕ್ಷೆ ಎಂದುಕೊಳ್ಳಬೇಡಿ.

ಜರ್ಸಿ, ಚಡ್ಡಿ, ಒಳಗಿನದು

ಫುಟ್‌ಬಾಲಿನ ತೆಳು ಜರ್ಸಿ ಮೊದಲ ಟ್ಯಾಕಲ್‌ಗೇ (ಚೆಂಡು ಹಿಡಿದವನನ್ನು ಹಿಡಿದು ಕೆಡಹುವುದು) ಭುಜದ ಹೊಲಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ದಪ್ಪ ಪಾಲಿಯೆಸ್ಟರ್, ಎರಡು ಸಾಲು ಹೊಲಿಗೆ, ಮೈಗೆ ಹತ್ತುವ ಅಳತೆ ನೋಡಿ. ಸಡಿಲ ಜರ್ಸಿ ಎದುರಾಳಿಗೆ ಹಿಡಿ ಕೊಟ್ಟ ಹಾಗೆ. ತೋಳು ಇರಲೇಬೇಕು, ಬನಿಯನ್ ಮಾದರಿಗೆ ಅವಕಾಶವಿಲ್ಲ. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯವರಿಗೆ ಹತ್ತಿಯ ಜರ್ಸಿ ಮೇಲೆ ಮಮಕಾರ ಇದ್ದೀತು. ಅಭ್ಯಾಸಕ್ಕೆ ಅದು ಚೆಂದವೇ, ಬೆವರು ಹೀರಿ ತೂಕ ಏರುತ್ತದೆ ಎಂಬುದೊಂದೇ ತಕರಾರು.

ಚಡ್ಡಿಗೆ ಜೇಬು ಬೇಡ. ಓಡುವವನನ್ನು ಹಿಡಿಯಲು ಹೋದವನ ಬೆರಳು ಜೇಬಿಗೆ ಸಿಕ್ಕಿದರೆ ಕೀಲು ತಪ್ಪುತ್ತದೆ. ಇರುವ ಚಡ್ಡಿಗೆ ಜೇಬಿದ್ದರೆ ಟೈಲರ್ ಹತ್ತಿರ ಹೊಲಿಸಿಬಿಡಿ, ಜಿಪ್ ಇದ್ದರೆ ಕೀಳಿಸಿ. ಸೊಂಟಕ್ಕೆ ಬರೀ ಎಲಾಸ್ಟಿಕ್ ಸಾಲದು, ಲಾಡಿ ಬೇಕು, ಗಂಟು ಒಳಗಿರಲಿ. ಒಳಗೆ ಬಿಗಿ ಚಡ್ಡಿ ಅಥವಾ ಸಪೋರ್ಟರ್ ಹಾಕಿ. ಕ್ರಿಕೆಟ್‌ನ ಪ್ಲಾಸ್ಟಿಕ್ ಗಾರ್ಡ್ ಇಲ್ಲಿ ನಿಷಿದ್ಧ, ಗಟ್ಟಿ ವಸ್ತು ಯಾವುದೂ ನಡೆಯದು. ಫುಟ್‌ಬಾಲಿನ ಗಟ್ಟಿ ಶಿನ್ ಗಾರ್ಡಿಗೂ ಅದೇ ಮಾತು: ಮೆತ್ತನೆ ಬಟ್ಟೆಯದು, ಒತ್ತಿದಾಗ ಅರ್ಧ ಸೆಂಟಿಮೀಟರ್ ದಪ್ಪ ಮೀರದ್ದು ಮಾತ್ರ. ಗರಸಿನಲ್ಲಿ ಮೊಣಕಾಲು ತರಚುವುದು ತಪ್ಪದಾದ್ದರಿಂದ ಚಡ್ಡಿಯ ಕೆಳಗೆ ಹತ್ತಿ ಬೆರೆತ ಉದ್ದ ಟೈಟ್ಸ್ ಹಾಕಿಕೊಳ್ಳುವುದು ಜಾಣತನ, ಹುಡುಗಿಯರಿಗೂ ಹುಡುಗರಿಗೂ. ಹುಡುಗಿಯರು ಕೊಕ್ಕೆಯಿಲ್ಲದ, ತಲೆ ಮೇಲಿಂದ ಹಾಕುವ ಸ್ಪೋರ್ಟ್ಸ್ ಬ್ರಾ ಹಾಕಿ, ಜಡೆಗೆ ಕ್ಲಿಪ್, ಹೇರ್‌ಪಿನ್ ಬಿಟ್ಟು ಬಟ್ಟೆಯ ಬ್ಯಾಂಡ್ ಕಟ್ಟಿ.

ಕಿವಿ, ಭುಜ, ಬೆರಳು

ಗರಡಿ ಮನೆ ನೋಡಿದವರಿಗೆ ಪೈಲ್ವಾನರ ಮುದುಡಿದ ಕಿವಿ ಗೊತ್ತು. ಸ್ಕ್ರಮ್ಮಿನಲ್ಲಿ ತಲೆಗೆ ತಲೆ ಉಜ್ಜುವ ಮುಂದಿನ ಸಾಲಿನವರಿಗೂ ಅದೇ ಗತಿ. ಸ್ಕ್ರಮ್ ಕ್ಯಾಪ್ ಎಂಬ ಮೆತ್ತನೆ ಪ್ಯಾಡಿನ ಟೊಪ್ಪಿ ಇರುವುದು ಕಿವಿಗೆ, ತಲೆಯ ಚರ್ಮ ಒಡೆಯದಿರಲಿಕ್ಕೆ. ಮೆದುಳಿಗೆ ಆಗುವ ಆಘಾತವನ್ನು ಅದು ತಡೆಯದು. ಕ್ಯಾಪ್ ಹಾಕಿದ ಧೈರ್ಯಕ್ಕೆ ತಲೆ ಮುಂದೆ ಮಾಡಿ ನುಗ್ಗುವುದು ಕ್ಯಾಪ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಪ್ಯಾಡಿನ ದಪ್ಪ 1 ಸೆಂಟಿಮೀಟರ್ ಮೀರುವಂತಿಲ್ಲ. ಗದ್ದದ ಪಟ್ಟಿ ಕಟ್ಟಿ ಎರಡು ಕೈಯಲ್ಲಿ ತಿರುಗಿಸಿ ನೋಡಿ, ಕಣ್ಣಿನ ಮೇಲೆ ಜಾರಿದರೆ ದೊಡ್ಡದಾಯಿತು.

ಕ್ಯಾಪ್ ಇಲ್ಲದವರು ಟೇಪ್ ಸುತ್ತಿಕೊಳ್ಳಬಹುದು. ಕಿವಿಗೆ ವ್ಯಾಸಲಿನ್ ಹಚ್ಚಿ, ಕಿವಿಯ ಹಿಂದೆ ತೆಳುವಾಗಿ ಹತ್ತಿ ಇಟ್ಟು, ಹಣೆ–ಕಿವಿ–ಹಿಂದಲೆ ಸುತ್ತ ಮೊದಲು ಕ್ರೇಪ್ ಬ್ಯಾಂಡೇಜ್ ಎರಡು ಸುತ್ತು, ಅದರ ಮೇಲೆ ಎಲೆಕ್ಟ್ರಿಕಲ್ ಟೇಪ್. ಕ್ರೇಪ್ ಇಲ್ಲದೆ ಟೇಪ್ ಅಂಟಿಸಿದರೆ ಆಟ ಮುಗಿದ ಮೇಲೆ ಕೂದಲು ಟೇಪಿನ ಜೊತೆ ಬರುತ್ತದೆ. ಕಿವಿ ಊದಿ ಒಳಗೆ ರಕ್ತ ನಿಂತರೆ ಸೂಜಿ ಚುಚ್ಚಿಕೊಳ್ಳಬೇಡಿ, ತಡಮಾಡದೆ ವೈದ್ಯರಲ್ಲಿ ಹೋಗಿ.

ಭುಜದ ಪ್ಯಾಡ್ ಹೊಸಬರಿಗೆ ಅಗತ್ಯವಿಲ್ಲ. ಮೂಗೇಟು ಕಡಿಮೆ ಮಾಡುತ್ತದೆ, ಕೀಲು ತಪ್ಪುವುದನ್ನು ತಡೆಯುವುದಿಲ್ಲ, ಏಪ್ರಿಲ್ ಬಿಸಿಲಿಗೆ ಮೈಮೇಲೆ ಕಂಬಳಿ ಹೊದ್ದ ಹಾಗೆ. ಬೆರಳು ಉಳುಕುವುದು ಹೆಚ್ಚು, ಅದಕ್ಕೆ ಮೆಡಿಕಲ್ ಶಾಪಿನ ಜಿಂಕ್ ಆಕ್ಸೈಡ್ ಟೇಪ್ ಸಾಕು. ಪಕ್ಕದ ಬೆರಳಿಗೆ ಜೋಡಿಸಿ, ಕೀಲಿನ ಮೇಲೊಂದು ಕೆಳಗೊಂದು ಸುತ್ತು ಹಾಕಿ, ಕೀಲು ಬಿಡಿ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು, ಇಲ್ಲವಾದರೆ ಬಿಗಿಯಾಯಿತು.

ಮೈದಾನಕ್ಕೆ ಇಳಿಯುವ ಮುಂಚೆ

ಉಂಗುರ, ಕಡಗ, ಓಲೆ, ಮೂಗುತಿ, ಕಾಲುಂಗುರ, ತಾಯತ, ಗಡಿಯಾರ ಎಲ್ಲ ಕಳಚಿ. ಮೇಲೆ ಟೇಪ್ ಸುತ್ತಿದರೆ ಆಯಿತು ಎಂಬ ವಾದ ಬೇಡ. ಕೊರಳಲ್ಲಿ ಇಷ್ಟಲಿಂಗ ಇರುವವರಿಗೆ ಅದರ ಕರಡಿಗೆಯನ್ನು ಬ್ಯಾಗಿನಲ್ಲಿ ಎಸೆದು ಹೋಗಲು ಮನಸ್ಸು ಒಪ್ಪುವುದಿಲ್ಲ, ಸರಿಯೇ. ಮನೆಯಿಂದ ಬರುವಾಗ ಒಂದು ಶುದ್ಧ ವಸ್ತ್ರ ತಂದು, ಅದರಲ್ಲಿ ಸುತ್ತಿ, ಆಡದೆ ಕೂತಿರುವ ನಂಬಿಕಸ್ಥರ ಕೈಗೆ ಕೊಡಿ. ಬೆಳ್ಳಿಯ ಕರಡಿಗೆಯ ಮೇಲೆ ಎಂಬತ್ತು ಕೆ.ಜಿ.ಯ ಆಳು ಬಿದ್ದರೆ ಎದೆಮೂಳೆಗೂ ಪೆಟ್ಟು, ಶಿವದಾರ ಕತ್ತಿಗೆ ಉರುಳಾಗುವ ಅಪಾಯವೂ ಉಂಟು. ಉಡದಾರವನ್ನು ಚಡ್ಡಿಯ ಒಳಗೆ ಬಿಟ್ಟರೂ ಅದರಲ್ಲಿ ಬೆಳ್ಳಿ ತಾಯತ ಇದ್ದರೆ ತೆಗೆಯಲೇಬೇಕು. ಕೈಯುಗುರು ಹಿಂದಿನ ರಾತ್ರಿಯೇ ಕತ್ತರಿಸಿ. ಬ್ಯಾಗಿನಲ್ಲಿ ಇನ್ನೊಂದು ಜರ್ಸಿ ಇರಲಿ, ರಕ್ತ ಹತ್ತಿದ ಬಟ್ಟೆಯಲ್ಲಿ ಆಡಲು ರೆಫರಿ ಬಿಡುವುದಿಲ್ಲ.

ಆಟ ಮುಗಿದ ಮೇಲೆ

ಎರೆ ಮಣ್ಣಿನ ಜರ್ಸಿಯನ್ನು ಹಸಿಯಾಗಿರುವಾಗ ತಿಕ್ಕಿದರೆ ಮಣ್ಣು ನೂಲಿನೊಳಗೆ ಇಳಿಯುತ್ತದೆ. ಒಣಗಿಸಿ, ಕೊಡವಿ, ಆಮೇಲೆ ನೆನೆಹಾಕಿ. ರಕ್ತದ ಕಲೆಗೆ ತಣ್ಣೀರು, ಬಿಸಿನೀರು ತಾಗಿದರೆ ಕಲೆ ಕಚ್ಚುತ್ತದೆ. ಬಾಯಿಯ ಗಾರ್ಡನ್ನೂ ತಣ್ಣೀರಲ್ಲೇ ಬ್ರಷ್‌ನಿಂದ ತೊಳೆದು, ತೂತಿರುವ ಡಬ್ಬಿಯಲ್ಲಿಡಿ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟರೆ ಆಕಾರ ಕೆಡುತ್ತದೆ. ಬೂಟಿಗೂ ಡಿಕ್ಕಿ ಶತ್ರು, ಬಿಸಿಗೆ ಅಂಟು ಸಡಿಲವಾಗಿ ತಳ ಬಾಯಿ ಬಿಡುತ್ತದೆ. ಒದ್ದೆ ಬೂಟನ್ನು ಬಿಸಿಲಿಗೂ ಒಲೆಯ ಪಕ್ಕಕ್ಕೂ ಇಡದೆ, ಲೇಸ್ ಸಡಿಲಿಸಿ, ಒಳತಳ ಹೊರಗೆಳೆದು, ಹಳೆ ಪತ್ರಿಕೆ ಉಂಡೆ ಮಾಡಿ ತುಂಬಿ ನೆರಳಲ್ಲಿ ಬಿಡಿ. ಒಂದೆರಡು ತಾಸಿಗೆ ಆ ಕಾಗದ ತೊಯ್ದಿರುತ್ತದೆ, ತೆಗೆದು ಹೊಸದು ತುಂಬಿ. ತಳ ಒಂದು ಕಡೆ ಬಿಟ್ಟುಕೊಂಡಿದ್ದರೆ ಬರೀ ಅಂಟು ಹಾಕಿಸಬೇಡಿ, ಚಪ್ಪಲಿ ರಿಪೇರಿಯವರ ಹತ್ತಿರ ಸುತ್ತಲೂ ದಪ್ಪ ದಾರದಲ್ಲಿ ಹೊಲಿಸಿ.